ಕಣ್ಣಿನ ಒರತೆ ಬತ್ತದಿರಲಿ

ಮಲೆನಾಡಿನ ಜನರಿಗೆ ಒರತೆಯ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆಷಾಢದಲ್ಲಿ ದಡ ಮೀರಿ ಹರಿಯುವ ಹಳ್ಳಕ್ಕಿಂತ, ವೈಶಾಖದ ಬಿಸಿಲಿನಲ್ಲಿಯೂ ಸಣ್ಣಗೆ ಜಿನುಗುವ ಒರತೆಯೇ ತೋಟವನ್ನು ಉಳಿಸುತ್ತದೆ. ಮನುಷ್ಯನ ಕಣ್ಣಿನಲ್ಲಿಯೂ ಅಂಥದೊಂದು ಒರತೆಯಿದೆ. ಅಳುವಾಗ ಉಕ್ಕುವ ಕಣ್ಣೀರು ಎಲ್ಲರಿಗೂ ಕಾಣುತ್ತದೆ. ಹಗಲಿಡೀ ಸದ್ದಿಲ್ಲದೆ ಜಿನುಗಿ ಕಣ್ಣನ್ನು ಕಾಯುವ ಕಣ್ಣೀರು ಮಾತ್ರ ಯಾರ ಗಮನಕ್ಕೂ ಬರುವುದಿಲ್ಲ. ಅದು ಕಡಿಮೆಯಾದಾಗ ಅಥವಾ ಅದರ ಹದ ಕೆಟ್ಟಾಗ ಕಣ್ಣು ಉರಿಯುತ್ತದೆ, ಮರಳು ಬಿದ್ದಂತೆ ಚುಚ್ಚುತ್ತದೆ, ಕೆಂಪಾಗುತ್ತದೆ. ನೋಟ ಮಸುಕಾಗಿ, ಎವೆಯಿಕ್ಕಿದ ಮೇಲೆ ಮತ್ತೆ ತಿಳಿಯಾಗುತ್ತದೆ. ಇದಕ್ಕೆ ಒಣಗಣ್ಣು ಎಂದು ಹೆಸರು.

ಇದನ್ನು ವಯಸ್ಸಿನ ತೊಂದರೆಯೆಂದು ತಳ್ಳಿಹಾಕುವುದು ಅಥವಾ ಅಂಗಡಿಯಿಂದ ಒಂದು ಬಾಟಲಿ ಹನಿ ತಂದು ಸುಮ್ಮನಾಗುವುದು ರೂಢಿಯಾಗಿದೆ. ಆದರೆ ಒಣಗಣ್ಣು ಒಬ್ಬೊಬ್ಬರ ಕಣ್ಣಿಗಷ್ಟೇ ಸೇರಿದ ವಿಷಯವಲ್ಲ. ಅದರಲ್ಲಿ ಒಂದು ಪಾಲು ವಯಸ್ಸಿನದು ಮತ್ತು ಕಾಯಿಲೆಗಳದು; ಇನ್ನೊಂದು ಪಾಲು ಉಸಿರಾಡುವ ಗಾಳಿಯದು, ಅಡುಗೆಮನೆಯ ಹೊಗೆಯದು, ರಸ್ತೆಯ ಧೂಳಿನದು, ದುಡಿಮೆ ಮತ್ತು ಓದಿನ ರೀತಿಯದು. ಈ ಎರಡನೆಯ ಪಾಲು ಊರು ಮನಸ್ಸು ಮಾಡಿದರೆ ತಗ್ಗಿಸಬಹುದಾದದ್ದು. ಕಾಡು, ನದಿ, ಮಣ್ಣುಗಳ ಬಗ್ಗೆ ಮಾತನಾಡುವವರು ಕಣ್ಣೀರಿನ ಬಗ್ಗೆಯೂ ಮಾತನಾಡಬೇಕಾದದ್ದು ಈ ಕಾರಣಕ್ಕೆ.

ಬರಿಯ ನೀರಲ್ಲ

ಕಣ್ಣಿನ ಕಪ್ಪು ಭಾಗದ ಮೇಲೆ ಗಾಜಿನಂತೆ ಕೂತಿರುವ ಪಾರದರ್ಶಕ ಪದರವೇ ಕಾರ್ನಿಯ. ಆರೋಗ್ಯವಂತ ಕಾರ್ನಿಯದಲ್ಲಿ ರಕ್ತನಾಳಗಳಿಲ್ಲ. ಇದ್ದಿದ್ದರೆ ಬೆಳಕು ತಡೆಯಿಲ್ಲದೆ ಒಳಹೋಗುತ್ತಿರಲಿಲ್ಲ. ಆದ್ದರಿಂದ ಎಚ್ಚರವಿರುವಾಗ ಅದಕ್ಕೆ ಬೇಕಾದ ಆಮ್ಲಜನಕದ ಬಹುಪಾಲು ಹೊರಗಿನ ಗಾಳಿಯಿಂದ, ಕಣ್ಣೀರಿನಲ್ಲಿ ಕರಗಿ, ಬರಬೇಕು. ಕಣ್ಣಿನ ಮೇಲ್ಮೈಯನ್ನು ನಯವಾಗಿಟ್ಟು ನೋಟವನ್ನು ಸ್ಪಷ್ಟಗೊಳಿಸುವುದೂ, ಧೂಳನ್ನು ತೊಳೆಯುವುದೂ, ರೋಗಾಣುಗಳನ್ನು ತಡೆಯುವುದೂ ಅದೇ ಕಣ್ಣೀರು. ರೋಗಾಣುಗಳ ಕವಚವನ್ನು ಒಡೆಯುವ ಲೈಸೋಜೈಮ್ ಎಂಬ ಕಿಣ್ವವನ್ನು ಅಲೆಕ್ಸಾಂಡರ್ ಫ್ಲೆಮಿಂಗ್ 1922ರಲ್ಲಿ ಪ್ರಕಟಪಡಿಸಿದರು. ಪೆನಿಸಿಲಿನ್‌ಗಿಂತ ಮೊದಲೇ ಅವರು ಕಂಡುಕೊಂಡ ಈ ರಕ್ಷಕ ವಸ್ತು ಪ್ರತಿಯೊಬ್ಬರ ಕಣ್ಣೀರಿನಲ್ಲಿಯೂ ಹೇರಳವಾಗಿದೆ.

ಇಷ್ಟು ಕೆಲಸ ಮಾಡುವ ಕಣ್ಣೀರಿನ ಪ್ರಮಾಣ ಅತ್ಯಲ್ಪ. ಒಂದು ಕಣ್ಣಿನಲ್ಲಿ ಒಂದು ಹೊತ್ತಿಗೆ ಇರುವುದು ಸುಮಾರು 7 ಮೈಕ್ರೋಲೀಟರ್. ಅಂದರೆ ಔಷಧಿಯ ಬಾಟಲಿಯಿಂದ ಬೀಳುವ ಒಂದು ಹನಿಯ ಐದನೆಯ ಒಂದು ಭಾಗದಷ್ಟು. ಇದು ಕೆಲವೇ ಮೈಕ್ರೋಮೀಟರ್ ದಪ್ಪದ ಪೊರೆಯಾಗಿ ಕಣ್ಣಿನ ಮೇಲೆ ಹರಡಿರುತ್ತದೆ. ಆ ಪೊರೆಯ ತಳದಲ್ಲಿ ಲೋಳೆಯಿದೆ. ನೀರು ಕಣ್ಣಿಗೆ ಅಂಟಿಕೊಳ್ಳುವುದು ಅದರಿಂದ. ನಡುವೆ ನೀರಿನ ಭಾಗ. ಹುಬ್ಬಿನ ಹೊರತುದಿಯ ಕೆಳಗೆ, ಎಲುಬಿನ ಮರೆಯಲ್ಲಿರುವ ಗ್ರಂಥಿಯಿಂದ ಅದು ಮುಖ್ಯವಾಗಿ ಬರುತ್ತದೆ. ಎಲ್ಲಕ್ಕಿಂತ ಮೇಲೆ ಎಣ್ಣೆಯ ತೆಳುಪದರ. ಮೇಲಿನ ರೆಪ್ಪೆಯಲ್ಲಿ ಸುಮಾರು 25ರಿಂದ 40, ಕೆಳಗಿನ ರೆಪ್ಪೆಯಲ್ಲಿ 20ರಿಂದ 30 ಸಣ್ಣ ಗ್ರಂಥಿಗಳು ಈ ಎಣ್ಣೆಯನ್ನು ಒಸರುತ್ತವೆ. ಜರ್ಮನಿಯ ವೈದ್ಯ ಹೈನ್ರಿಕ್ ಮೈಬೋಮ್ ಇವನ್ನು 1666ರಲ್ಲಿ ವಿವರಿಸಿದ್ದರಿಂದ ಮೈಬೋಮಿಯನ್ ಗ್ರಂಥಿಗಳೆಂಬ ಹೆಸರು ಬಂತು. ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯುವುದೆಂಬ ಮಾತಿದೆ. ಕಣ್ಣನ್ನು ಎಣ್ಣೆಯೇ ಕಾಯುತ್ತದೆ ಎಂಬುದು ಅಕ್ಷರಶಃ ನಿಜ.

ಬೆಟ್ಟದ ಮಣ್ಣಿನ ಮೇಲೆ ತರಗೆಲೆಯ ಹೊದಿಕೆ ಮಾಡುವ ಕೆಲಸವನ್ನೇ ಈ ಎಣ್ಣೆ ಕಣ್ಣಿನ ಮೇಲೆ ಮಾಡುತ್ತದೆ. ಹೊದಿಕೆ ಹೋದರೆ ಎಷ್ಟು ಮಳೆ ಬಿದ್ದರೂ ತೇವ ನಿಲ್ಲದು. ಒಣಗಣ್ಣಿನವರಲ್ಲಿ ದೊಡ್ಡ ಪಾಲಿನವರಿಗೆ ಕೊರತೆಯಿರುವುದು ನೀರಿನದಲ್ಲ, ಎಣ್ಣೆಯದು. ನೀರು ಉತ್ಪತ್ತಿಯಾಗುತ್ತದೆ, ಆದರೆ ಬೇಗನೆ ಆವಿಯಾಗಿ ಹೋಗುತ್ತದೆ. ಆಗ ಉಳಿದ ಕಣ್ಣೀರು ಉಪ್ಪುಪ್ಪಾಗಿ ಕಾರ್ನಿಯದ ನರಗಳನ್ನು ಕೆಣಕುತ್ತದೆ; ಒಮ್ಮೆಲೇ ನೀರು ಸುರಿಯುತ್ತದೆ. ‘ಕಣ್ಣಿನಿಂದ ಸದಾ ನೀರು ಬರುತ್ತದೆ, ಒಣಗಿದೆಯೆಂದು ಹೇಗೆ ಹೇಳುತ್ತೀರಿ’ ಎಂದು ರೋಗಿಗಳು ವೈದ್ಯರನ್ನು ಕೇಳುವುದುಂಟು. ಈ ಸುರಿಯುವ ನೀರು ಬೋಳುಗುಡ್ಡದ ಮೇಲಿನ ಮಳೆಯಂಥದು, ಹರಿದುಹೋಗುತ್ತದೆ, ಇಂಗುವುದಿಲ್ಲ.

ಒಲೆಯ ಮುಂದಿನ ಕಣ್ಣು

ಒಣಗಣ್ಣು ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಮುಟ್ಟು ನಿಂತ ಮೇಲೆ ಇನ್ನೂ ಹೆಚ್ಚು. ಹಳ್ಳಿಯ ಮನೆಗಳಲ್ಲಿ ಒಲೆಯ ಮುಂದೆ ಕೂರುವವರೂ ಅವರೇ. ಅಡುಗೆಯ ಒಲೆ, ಬಚ್ಚಲ ಒಲೆ, ಸುಗ್ಗಿಯಲ್ಲಿ ಅಡಿಕೆ ಬೇಯಿಸುವ ಒಲೆ ಎಂದು ದಿನದ ಹಲವು ಗಂಟೆಗಳನ್ನು ಹೊಗೆಯಲ್ಲಿ ಕಳೆಯುವ ಕಣ್ಣಿಗೆ ಸಂಜೆ ಸೊಳ್ಳೆಬತ್ತಿಯ ಹೊಗೆಯೂ ಸೇರುತ್ತದೆ. ಹಸಿ ಸೌದೆಯ ಹೊಗೆಯಲ್ಲಿ ಸೂಕ್ಷ್ಮ ಕಣಗಳಲ್ಲದೆ ಫಾರ್ಮಾಲ್ಡಿಹೈಡ್, ಅಕ್ರೋಲೀನ್‌ಗಳಂಥ ಕೆಣಕುವ ಅನಿಲಗಳಿವೆ. ಅವು ಕಣ್ಣೀರಿನ ಪೊರೆಯನ್ನು ಮತ್ತೆ ಮತ್ತೆ ಒಡೆಯುತ್ತವೆ, ಕಣ್ಣಿನ ಹೊರಪೊರೆಯಲ್ಲಿ ಉರಿಯೂತವನ್ನು ಉಳಿಸುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಸೂಕ್ಷ್ಮ ಕಣಗಳಿಗೆ ವಿಧಿಸಿದ ಮಿತಿ ದಿನವೊಂದರ ಸರಾಸರಿಯಲ್ಲಿ ಘನಮೀಟರಿಗೆ 15 ಮೈಕ್ರೋಗ್ರಾಂ. ಚಿಮಣಿಯಿಲ್ಲದ ಸೌದೆ ಒಲೆಯ ಮುಂದೆ ಅದು ನೂರುಗಳ ಲೆಕ್ಕದಲ್ಲಿರುತ್ತದೆ. ಪಟ್ಟಣದ ಗಾಳಿಯನ್ನು ಅಳೆಯಲು ಯಂತ್ರಗಳಿವೆ. ಹಳ್ಳಿಯ ಅಡುಗೆಮನೆಯ ಗಾಳಿಯನ್ನು ಅಳೆಯುವವರಿಲ್ಲ.

ಹೊಗೆಯ ಪರವಾಗಿಯೂ ಒಂದು ವಾದವಿದೆ. ಅಟ್ಟದ ಮರಮಟ್ಟುಗಳಿಗೆ ಹುಳು ಹಿಡಿಯದಂತೆ, ಮಳೆಗಾಲದಲ್ಲಿ ಸಾಮಾನು ಬೂಸಲು ಹಿಡಿಯದಂತೆ ಹೊಗೆ ಕಾಯುತ್ತದೆ ಎಂದು ಹಿರಿಯರು ಹೇಳುತ್ತಾರೆ. ಆ ಮಾತನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಅಟ್ಟಕ್ಕೆ ಹೋಗುವ ಹೊಗೆ ಮೊದಲು ಮನುಷ್ಯರ ಮುಖಕ್ಕೆ ಬಡಿದೇ ಹೋಗಬೇಕೆಂಬ ನಿಯಮವೇನೂ ಇಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ವಿಭಾಗವು ಕಡಿಮೆ ಸೌದೆ ಬೇಡುವ, ಹೊಗೆಯನ್ನು ಕೊಳವೆಯಲ್ಲಿ ಹೊರಹಾಕುವ ಒಲೆಯನ್ನು ರೂಪಿಸಿ ದಶಕಗಳೇ ಕಳೆದಿವೆ. ಶಿರಸಿ ತಾಲ್ಲೂಕಿನ ಗೋಬರ್ ಅನಿಲ ಸ್ಥಾವರಗಳ ಯಶಸ್ಸು 2001ರಷ್ಟು ಹಿಂದೆಯೇ ಸಂಶೋಧಕರ ಅಧ್ಯಯನಕ್ಕೆ ವಸ್ತುವಾಗಿತ್ತು. 2016ರಲ್ಲಿ ಆರಂಭವಾದ ಉಜ್ವಲ ಯೋಜನೆ ಬಡವರ ಮನೆಗೂ ಸಿಲಿಂಡರ್ ತಲುಪಿಸಿತು. ಕೊರತೆಯಿರುವುದು ಉಪಾಯಗಳದಲ್ಲ. ಕಟ್ಟಿದ ಒಲೆಯ ಚಿಮಣಿಯಲ್ಲಿ ಮಸಿ ತುಂಬಿದಾಗ ತೆಗೆಯುವವರಿಲ್ಲ. ಖಾಲಿಯಾದ ಸಿಲಿಂಡರನ್ನು ಮತ್ತೆ ತುಂಬಿಸಲು ಕೈಯಲ್ಲಿ ಹಣವಿಲ್ಲ. ಹೊಗೆ ಕುಡಿಯುವುದು ಹೆಂಗಸರ ಪಾಲಿನದೆಂಬ ಒಪ್ಪಿಗೆ ಮಾತ್ರ ಎಲ್ಲ ಮನೆಗಳಲ್ಲಿಯೂ ಇದೆ.

ಸುಣ್ಣ, ಧೂಳು, ತೆರೆ

ಮುಂಗಾರು ಹಿಡಿಯುತ್ತಲೇ ಅಡಿಕೆ ತೋಟಗಳಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುತ್ತಾರೆ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಮೇಲೆ ನೋಡುತ್ತ ಗೊನೆಗೆ ಹೊಡೆಯುವವರ ಮುಖಕ್ಕೆ ಹನಿ ಬೀಳುವುದು ಸಹಜ. ಅದಕ್ಕಿಂತಲೂ ಅಪಾಯ ಸುಣ್ಣ ಕಲಸುವಾಗಿನದು. ಸುಣ್ಣದಂಥ ಕ್ಷಾರ ಕಣ್ಣಿಗೆ ಸಿಡಿದರೆ ಲೋಳೆ ಒಸರುವ ಜೀವಕೋಶಗಳು ಸುಟ್ಟುಹೋಗಿ, ಗಾಯ ಮಾದ ಮೇಲೂ ಕಣ್ಣು ಬಾಳಿಡೀ ಒಣಗಿಯೇ ಉಳಿಯಬಹುದು. ಹೀಗಾದಾಗ ವೈದ್ಯರಲ್ಲಿಗೆ ಓಡುವುದಕ್ಕೆ ಮೊದಲು, ಅಲ್ಲಿಯೇ, ಆ ಕ್ಷಣವೇ, ರೆಪ್ಪೆಗಳನ್ನು ಅಗಲಿಸಿ ಶುದ್ಧ ನೀರಿನಿಂದ ಅರ್ಧ ಗಂಟೆಯಾದರೂ ತೊಳೆಯಬೇಕು. ಮೊದಲ ಕೆಲವು ನಿಮಿಷಗಳ ನೀರೇ ಕಣ್ಣನ್ನು ಉಳಿಸುತ್ತದೆ. ಒಂದು ಜೊತೆ ರಕ್ಷಣಾ ಕನ್ನಡಕವನ್ನು ಕೊಳ್ಳುವ ಹೊಣೆ ಕೂಲಿಯವನದಲ್ಲ, ತೋಟದ ಯಜಮಾನನದು.

ಕಲ್ಲು ಕ್ವಾರಿಯ ಲಾರಿಗಳು ಓಡಾಡುವ ಮಣ್ಣುರಸ್ತೆಯ ಪಕ್ಕದ ಶಾಲೆಗಳು, ಬೈಕಿನಲ್ಲಿ ಬರಿಗಣ್ಣಿನಿಂದ ಘಟ್ಟ ಹತ್ತಿಳಿಯುವ ಯುವಕರು, ಚಳಿಗಾಲದ ಒಣಗಾಳಿ ಇವೆಲ್ಲ ಅದೇ ಕಥೆಯ ಭಾಗಗಳು.

ವಿದ್ಯಾರ್ಥಿಗಳ ಕಷ್ಟ ಬೇರೆ ಬಗೆಯದು. ಮನುಷ್ಯ ಸಾಮಾನ್ಯವಾಗಿ ನಿಮಿಷಕ್ಕೆ 15ರಿಂದ 20 ಬಾರಿ ಎವೆಯಿಕ್ಕುತ್ತಾನೆ. ಪ್ರತಿ ಬಾರಿಯೂ ರೆಪ್ಪೆ ಗ್ರಂಥಿಗಳಿಂದ ಎಣ್ಣೆಯನ್ನು ಒತ್ತಿ ತೆಗೆದು ಕಣ್ಣಿನ ಮೇಲೆ ಸವರುತ್ತದೆ. ಮೊಬೈಲು ಅಥವಾ ಕಂಪ್ಯೂಟರಿನ ತೆರೆಯನ್ನು ನೋಡುವಾಗ ಎವೆಯಿಕ್ಕುವುದು ಅರ್ಧಕ್ಕೂ ಕೆಳಗಿಳಿಯಬಹುದು. ಇಕ್ಕಿದರೂ ರೆಪ್ಪೆಗಳು ಪೂರ್ತಿ ಸೇರುವುದಿಲ್ಲ. 2020ರಲ್ಲಿ ಶಾಲೆ ಕಾಲೇಜುಗಳು ಮುಚ್ಚಿದಾಗ ಮಲೆನಾಡಿನ ಮಕ್ಕಳು ನೆಟ್‌ವರ್ಕ್ ಹುಡುಕಿ ಗುಡ್ಡ ಹತ್ತಿ, ಗಾಳಿ ಬಿಸಿಲುಗಳಲ್ಲಿ ಕುಳಿತು ಅಂಗೈಯಗಲದ ತೆರೆಯಲ್ಲಿ ಪಾಠ ಕೇಳಿದರು. ಆ ದಿನಗಳು ಮುಗಿದವು, ತೆರೆಯ ರೂಢಿ ಉಳಿಯಿತು.

ಬಾಟಲಿಯ ಹನಿಯ ಮಿತಿ

ಕಣ್ಣು ಕೆಂಪಾದೊಡನೆ ಔಷಧಿ ಅಂಗಡಿಗೆ ಹೋಗಿ ‘ಕಣ್ಣಿನ ಡ್ರಾಪ್ಸ್ ಕೊಡಿ’ ಎಂದು ಕೇಳುವುದು ಇಂದಿನ ದೊಡ್ಡ ಅಪಾಯ. ಸ್ಟಿರಾಯ್ಡ್ ಇರುವ ಹನಿಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರುವುದು ಕಾನೂನಿಗೆ ವಿರುದ್ಧ. ಅವು ಎರಡು ದಿನಗಳಲ್ಲಿ ಕೆಂಪನ್ನು ಇಳಿಸುತ್ತವೆ. ಆದ್ದರಿಂದಲೇ ಜನ ಮತ್ತೆ ಮತ್ತೆ ಅದನ್ನೇ ಕೊಳ್ಳುತ್ತಾರೆ. ತಿಂಗಳುಗಟ್ಟಲೆ ಹಾಕಿಕೊಂಡರೆ ಕಣ್ಣಿನ ಒತ್ತಡ ಏರಿ ನೋಟದ ನರವೇ ಸಾಯಬಹುದು, ಪೊರೆ ಬರಬಹುದು. ಭತ್ತದ ತೆನೆ, ಸೋಗೆಯ ತುದಿ ತಾಗಿ ಕಾರ್ನಿಯದಲ್ಲಿ ಶಿಲೀಂಧ್ರ ಬೆಳೆಯತೊಡಗಿದ್ದರೆ ಸ್ಟಿರಾಯ್ಡ್ ಅದಕ್ಕೆ ಗೊಬ್ಬರ ಹಾಕಿದಂತೆ. ಕಣ್ಣನ್ನು ಬೆಳ್ಳಗೆ ಮಾಡುವ ಇನ್ನೊಂದು ಬಗೆಯ ಹನಿಗಳು ರಕ್ತನಾಳಗಳನ್ನು ಕುಗ್ಗಿಸುತ್ತವೆಯೇ ಹೊರತು ಒಣಗಿದ್ದನ್ನು ನೆನೆಸುವುದಿಲ್ಲ. ಬಿಟ್ಟೊಡನೆ ಕೆಂಪು ಮರಳುತ್ತದೆ.

ಮನೆಮದ್ದುಗಳ ಬಗ್ಗೆಯೂ ಮುಚ್ಚುಮರೆಯಿಲ್ಲದೆ ಮಾತನಾಡಬೇಕು. ಗಿಡಮೂಲಿಕೆಗಳ ಜ್ಞಾನವನ್ನು ಗೌರವಿಸುವುದು ಬೇರೆ, ಸೋಸದ ರಸವನ್ನು ಕಣ್ಣಿಗೆ ಹಿಂಡುವುದು ಬೇರೆ. ನಂದಿಬಟ್ಟಲ ಹೂವನ್ನು ಮುಚ್ಚಿದ ರೆಪ್ಪೆಯ ಮೇಲೆ ತಂಪಿಗೆ ಇಟ್ಟುಕೊಂಡರೆ ಹಾನಿಯಿಲ್ಲ. ಅದರ ರಸವನ್ನಾಗಲಿ, ಎದೆಹಾಲನ್ನಾಗಲಿ, ಜೇನನ್ನಾಗಲಿ ಕಣ್ಣಿನೊಳಗೆ ಬಿಡುವುದು ರೋಗಾಣುಗಳಿಗೆ ಬಾಗಿಲು ತೆರೆದಂತೆ.

ಕೃತಕ ಕಣ್ಣೀರಿನ ಹನಿಗಳು ಉಪಯುಕ್ತ, ಸಾಮಾನ್ಯವಾಗಿ ಸುರಕ್ಷಿತ. ಆದರೆ ಕೆಡದಂತೆ ಬೆರೆಸಿದ ರಾಸಾಯನಿಕವಿರುವ ಬಾಟಲಿಯನ್ನು ದಿನಕ್ಕೆ ನಾಲ್ಕಾರು ಬಾರಿಗಿಂತ ಹೆಚ್ಚು ಬಳಸಿದರೆ ಆ ರಾಸಾಯನಿಕವೇ ಕಣ್ಣನ್ನು ಕೆಣಕೀತು. ಹೆಚ್ಚು ಬೇಕಾದವರು ಅದಿಲ್ಲದ ಹನಿಯನ್ನು ಕೇಳಬೇಕು. ತೆರೆದ ಬಾಟಲಿಯನ್ನು ಸಾಮಾನ್ಯವಾಗಿ ಒಂದು ತಿಂಗಳಿಗೆ ಎಸೆಯಬೇಕು. ದುಬಾರಿ ಮೀನೆಣ್ಣೆಯ ಗುಳಿಗೆಗಳಿಗೆ ಹಣ ಸುರಿಯುವ ಮೊದಲು, 2018ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ದೊಡ್ಡ ಪ್ರಯೋಗವೊಂದರಲ್ಲಿ ಅವು ಹೋಲಿಕೆಗೆ ಕೊಟ್ಟ ಆಲಿವ್ ಎಣ್ಣೆಗಿಂತ ಮೇಲೆನಿಸಲಿಲ್ಲ ಎಂಬುದನ್ನು ನೆನಪಿಡಬೇಕು.

ಹಣವಿಲ್ಲದೆ ಆಗುವ ಆರೈಕೆ ಬಹಳಷ್ಟಿದೆ. ಶುದ್ಧ ಬಟ್ಟೆಯನ್ನು ಹದವಾದ ಬಿಸಿನೀರಿನಲ್ಲಿ ಅದ್ದಿ ಹಿಂಡಿ, ಮುಚ್ಚಿದ ಕಣ್ಣುಗಳ ಮೇಲೆ ಐದರಿಂದ ಹತ್ತು ನಿಮಿಷ ಇಟ್ಟು, ಆರಿದಾಗ ಮತ್ತೆ ಅದ್ದಿ, ಆಮೇಲೆ ಮೇಲಿನ ರೆಪ್ಪೆಯನ್ನು ಕೆಳಮುಖವಾಗಿ, ಕೆಳಗಿನದನ್ನು ಮೇಲ್ಮುಖವಾಗಿ ಮೆಲ್ಲನೆ ನೀವಿದರೆ ಗಟ್ಟಿಯಾದ ಎಣ್ಣೆ ಕರಗಿ ಹೊರಬರುತ್ತದೆ. ರೆಪ್ಪೆಯ ಅಂಚನ್ನು ದಿನವೂ ತೊಳೆಯಬೇಕು. ಓದುವವರು 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡುತ್ತ, ಪೂರ್ತಿ ಎವೆಯಿಕ್ಕುವುದನ್ನು ರೂಢಿಸಿಕೊಳ್ಳಬೇಕು. ತೆರೆಯನ್ನು ಕಣ್ಣಿನ ಮಟ್ಟಕ್ಕಿಂತ ಕೆಳಗಿಟ್ಟರೆ ಕಣ್ಣು ಕಡಿಮೆ ತೆರೆದು, ಕಣ್ಣೀರು ಕಡಿಮೆ ಆವಿಯಾಗುತ್ತದೆ. ಫ್ಯಾನಿನ ಗಾಳಿ ನೇರವಾಗಿ ಮುಖಕ್ಕೆ ಬೀಳಬಾರದು.

ಕೆಲವು ಲಕ್ಷಣಗಳು ಮಾತ್ರ ವೈದ್ಯರಿಗಾಗಿಯೇ ಇರುವಂಥವು. ಬಾಯಿಯೂ ಒಣಗಿ ಕೀಲುನೋವಿದ್ದರೆ ಅದು ಸ್ವೀಡನ್ನಿನ ಹೆನ್ರಿಕ್ ಶೋಗ್ರೆನ್ 1933ರಲ್ಲಿ ವಿವರಿಸಿದ ಕಾಯಿಲೆಯಿರಬಹುದು. ಶೀತದ, ಅಲರ್ಜಿಯ ಕೆಲವು ಗುಳಿಗೆಗಳೂ ಕಣ್ಣನ್ನು ಒಣಗಿಸುತ್ತವೆ. ಮಗುವಿಗೆ ಇರುಳುಗುರುಡಿನ ಜೊತೆ ಬಿಳಿಗುಡ್ಡೆ ಕಾಂತಿಗುಂದಿದ್ದರೆ ಅದು ಎ ಜೀವಸತ್ವದ ಕೊರತೆ. ತಡಮಾಡಿದರೆ ಕಣ್ಣೇ ಹೋಗುತ್ತದೆ. ಹಿತ್ತಿಲ ನುಗ್ಗೆಸೊಪ್ಪು, ಹರಿವೆ, ಹಣ್ಣಾದ ಪಪ್ಪಾಯಿಗಳ ಬೆಲೆ ಇಲ್ಲಿ ತಿಳಿಯುತ್ತದೆ. ತೀವ್ರ ನೋವು, ಬೆಳಕು ಸಹಿಸದಿರುವುದು, ನೋಟ ಕುಂದುವುದು ಇವಾದರೆ ಒಂದು ದಿನವೂ ಕಾಯಬಾರದು.

ಊರಿನ ಹೊಣೆ

ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮ 1976ರಲ್ಲಿ ಆರಂಭವಾದಾಗಿನಿಂದ ಹಳ್ಳಿಯ ನೇತ್ರ ಶಿಬಿರಗಳು ಮುಖ್ಯವಾಗಿ ಪೊರೆಯನ್ನು ಹುಡುಕುತ್ತ ಬಂದಿವೆ. ಅದರಿಂದ ಅಸಂಖ್ಯ ಜನರಿಗೆ ನೋಟ ಮರಳಿದೆ. ಅದೇ ಶಿಬಿರದಲ್ಲಿ ಉರಿ, ಚುಚ್ಚು, ಹೊಗೆಗಳ ಬಗ್ಗೆ ಎರಡು ಪ್ರಶ್ನೆ ಕೇಳುವುದಕ್ಕೆ, ಐದು ಮಿಲಿಮೀಟರ್ ಅಗಲದ ಕಾಗದದ ಪಟ್ಟಿಯನ್ನು ರೆಪ್ಪೆಗೆ ಸಿಕ್ಕಿಸಿ ಐದು ನಿಮಿಷ ಕಣ್ಣೀರನ್ನು ಅಳೆಯುವುದಕ್ಕೆ ದೊಡ್ಡ ಖರ್ಚು ತಗಲದು. ಗ್ರಾಮಸಭೆಗಳು ರಸ್ತೆ, ಚರಂಡಿಗಳ ಜೊತೆಗೆ ಊರಿನಲ್ಲಿ ಹೊಗೆ ತುಂಬುವ ಅಡುಗೆಮನೆಗಳೆಷ್ಟು ಎಂಬ ಲೆಕ್ಕವನ್ನೂ ಇಡಲಿ. ಸ್ತ್ರೀಶಕ್ತಿ ಸಂಘಗಳು ವರ್ಷಕ್ಕೆರಡು ಬಾರಿ ಚಿಮಣಿ ಶುಚಿಗೊಳಿಸುವ ಏರ್ಪಾಡು ಮಾಡಲಿ. ಕಾಲೇಜಿನ ವಿದ್ಯಾರ್ಥಿಗಳು ಚೀಟಿಯಿಲ್ಲದೆ ಮಾರಾಟವಾಗುವ ಹನಿಗಳ ವಿರುದ್ಧ ದನಿಯೆತ್ತಲಿ. ಕ್ವಾರಿಯ ಲಾರಿಗಳಿಗೆ ಟಾರ್ಪಾಲು ಹೊದಿಸದೆ ಶಾಲೆಯ ಮುಂದೆ ಹಾಯಲು ಬಿಡಬಾರದು.

ಜಲಾನಯನವನ್ನು ಬೋಳು ಮಾಡಿ ಊರಿಗೆ ಟ್ಯಾಂಕರಿನಲ್ಲಿ ನೀರು ತರಿಸುವುದು ಪರಿಹಾರವಲ್ಲವೆಂದು ಈ ಬೆಟ್ಟಗಳ ಜನ ಬಹಳ ಹಿಂದೆಯೇ ಅರಿತಿದ್ದಾರೆ. ಹೊಗೆ, ಧೂಳು, ಸುಣ್ಣಗಳ ನಡುವೆ ಕಣ್ಣನ್ನು ಬಿಟ್ಟು ಬಾಟಲಿಯಿಂದ ಹನಿ ಹಾಕುವುದೂ ಅಂಥದೇ ಕೆಲಸ. ಒಲೆಯ ಮುಂದೆ ಹೆಂಗಸಿನ ಕಣ್ಣಲ್ಲಿ ನೀರು ಬರುವುದು ಸಹಜವೆಂಬ ಮಾತು ಮೊದಲು ನಿಲ್ಲಬೇಕು. ಉಳಿದ ಕೆಲಸ ಅಲ್ಲಿಂದ ಆರಂಭವಾಗುತ್ತದೆ.