ಎನ್-ಟೈಪ್ ಮುಟ್ಟಿದ್ರೆ ಶಾಕ್ ಹೊಡೆಯುತ್ತಾ?

ಹೋದ ತಿಂಗಳು ನಾವು ನಾಲ್ಕು ಜನ ಒಂದು ಕನ್ನಡ ಮಾಧ್ಯಮ ಹೈಸ್ಕೂಲಿಗೆ ಹೋಗಿದ್ವಿ. ಒಂಬತ್ತನೇ ಕ್ಲಾಸಿನವರಿಗೆ ಸೆಮಿಕಂಡಕ್ಟರ್, ಅಂದರೆ ಅರೆವಾಹಕ, ಹೇಳಿಕೊಡೋದು ನಮ್ಮ ಪ್ಲಾನು. ಫಸ್ಟ್ ಇಯರ್ ಎಲೆಕ್ಟ್ರಾನಿಕ್ಸ್‌ನಲ್ಲಿ ನಮಗೆಲ್ಲ ಒಳ್ಳೇ ಮಾರ್ಕ್ಸ್ ಬಂದಿತ್ತಲ್ಲ, ಧೈರ್ಯ ಇತ್ತು. ಬೋರ್ಡ್ ಮೇಲೆ ಬ್ಯಾಂಡ್ ಡಯಾಗ್ರಾಂ ಬರೆದು, "ಎನ್-ಟೈಪ್‌ನಲ್ಲಿ ಎಲೆಕ್ಟ್ರಾನ್ ಜಾಸ್ತಿ ಇರುತ್ತೆ" ಅಂದೆವು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ಕೇಳಿದಳು: "ಅಕ್ಕಾ, ಹಾಗಾದ್ರೆ ಅದನ್ನ ಮುಟ್ಟಿದ್ರೆ ಶಾಕ್ ಹೊಡೆಯುತ್ತಾ?"

ನಾವು ಮುಖ ಮುಖ ನೋಡಿಕೊಂಡೆವು. ಏನೋ ತೊದಲಿ ಮುಂದೆ ಹೋದೆವು.

ಉತ್ತರ ಸಿಕ್ಕಿದ್ದು ವಾಪಸ್ ಬರುವಾಗ ಬಸ್ಸಿನಲ್ಲಿ. ಅದೂ ಅವಳದೇ ಪುಸ್ತಕದ ಪರಮಾಣು ಪಾಠದಲ್ಲಿ! ಸಿಲಿಕಾನ್‌ಗೆ 14 ಎಲೆಕ್ಟ್ರಾನ್: 2, 8, 4. ಹೊರಗಿನ ನಾಲ್ಕನ್ನು ಅಕ್ಕಪಕ್ಕದ ನಾಲ್ಕು ಪರಮಾಣುಗಳ ಜೊತೆ ಹಂಚಿಕೊಂಡಿರುತ್ತದೆ. ನಡುವೆ ಒಂದು ಫಾಸ್ಫರಸ್ ಸೇರಿಸಿದರೆ ಅದರದ್ದು 2, 8, 5. ನಾಲ್ಕು ಹಂಚಿಕೆಗೆ ಹೋಯ್ತು, ಐದನೆಯದಕ್ಕೆ ಜೊತೆ ಇಲ್ಲ. ಕೋಣೆಯ ಶಾಖಕ್ಕೇ ಅದು ಬಿಡಿಸಿಕೊಂಡು ಓಡಾಡುತ್ತದೆ. ಆದರೆ ಫಾಸ್ಫರಸ್ಸಿನಲ್ಲಿ ಪ್ರೋಟಾನೂ 15 ಇವೆ. ಲೆಕ್ಕ ಸರಿಹೋಯ್ತು. "ಜಾಸ್ತಿ" ಅಂದರೆ ಓಡಾಡುವವು ಜಾಸ್ತಿ, ಅಷ್ಟೇ. ತುಂಡು ಒಟ್ಟಾರೆ ತಟಸ್ಥ. ಶಾಕ್ ಹೊಡೆಯಲ್ಲ.

ಬೋರಾನ್ ಹಾಕಿದರೆ ಉಲ್ಟಾ. ಹೊರಗೆ ಮೂರೇ ಇರೋದರಿಂದ ಒಂದು ಜಾಗ ಖಾಲಿ. ನಮ್ಮ ಮೆಸ್ ಕ್ಯೂನಲ್ಲಿ ಮುಂದೆ ಒಬ್ಬ ಬಿಟ್ಟುಹೋದರೆ ಎಲ್ಲರೂ ಒಂದೊಂದು ಹೆಜ್ಜೆ ಮುಂದೆ, ಖಾಲಿ ಜಾಗ ಮಾತ್ರ ಹಿಂದೆ ಹಿಂದೆ. ಹೋಲ್ ಚಲಿಸೋದು ಹಾಗೆಯೇ. ಇದೆಲ್ಲ ಹೆಪ್ಪಿಗಿಂತ ಎಷ್ಟೋ ಕಡಿಮೆ ಪ್ರಮಾಣದ ಆಟ: ಒಂದು ಕೋಟಿ ಸಿಲಿಕಾನ್ ಪರಮಾಣುಗಳಿಗೆ ಒಂದೇ ಫಾಸ್ಫರಸ್ ಸೇರಿದರೂ ವಿದ್ಯುತ್ ಹರಿಯುವ ಸಾಮರ್ಥ್ಯ ಲಕ್ಷಗಟ್ಟಲೆ ಪಟ್ಟು ಏರುತ್ತದೆ.

ಈ ಪಾಠ ವಿವರವಾಗಿ ಬರೋದು ಸೆಕೆಂಡ್ ಪಿಯು ಸೈನ್ಸ್‌ನಲ್ಲಿ. ಕಾಮರ್ಸ್, ಆರ್ಟ್ಸ್ ತಗೊಂಡವರಿಗೆ ಅದೂ ಇಲ್ಲ. ಆದರೆ ಎಲ್ಲರ ಕೈಯಲ್ಲೂ ಮೊಬೈಲ್ ಇದೆ, ಅದರೊಳಗೆ ಇರೋದು ಇದೇ ಸಿಲಿಕಾನ್. 2, 8, 4 ಗೊತ್ತಿರೋ ಹೈಸ್ಕೂಲ್ ಮಕ್ಕಳಿಗೆ ಇಷ್ಟನ್ನು ಈಗಲೇ ಹೇಳಬಹುದು. ಬ್ಯಾಂಡ್ ಡಯಾಗ್ರಾಂ ಆಮೇಲೆ ಬರಲಿ.

"ಕನ್ನಡದಲ್ಲಿ ಟರ್ಮ್ಸ್ ಇಲ್ಲ, ಅದಕ್ಕೇ ಕಷ್ಟ" ಅಂತ ನಾವೂ ಹೇಳ್ತಿದ್ವಿ. ಅದು ನೆಪ. ಎಲೆಕ್ಟ್ರಾನ್, ಡಯೋಡ್ ಅಂದರೆ ಆ ಮಕ್ಕಳಿಗೆ ಏನೂ ತೊಂದರೆ ಆಗಲಿಲ್ಲ. ಯಾವುದು ಎಲ್ಲಿಂದ ಎಲ್ಲಿಗೆ ಹೋಗುತ್ತೆ, ಯಾಕೆ ಹೋಗುತ್ತೆ ಅನ್ನೋದು ಕನ್ನಡದಲ್ಲಿ ಬೇಕಿತ್ತು. ಅದು ನಮ್ಮ ಹತ್ತಿರ ಇಂಗ್ಲಿಷಿನಲ್ಲೂ ಇರಲಿಲ್ಲ. ಬಾಯಿಪಾಠ ಮಾತ್ರ ಇತ್ತು. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮಗೆ ಅದನ್ನು ಒಪ್ಪಿಕೊಳ್ಳೋಕೆ ಸ್ವಲ್ಪ ನಾಚಿಕೆಯೇ ಆಯ್ತು.

ಆ ಶಾಲೆಗೆ ಮತ್ತೆ ಹೋಗಬೇಕು. ನಮ್ಮ ಜೊತೆ ಬನ್ನಿ, ಯಾವ ಬ್ರಾಂಚ್ ಆದರೂ ಸರಿ. ಹಿಂದಿನ ಬೆಂಚಿಗೆ ಒಂದು ಉತ್ತರ ಬಾಕಿ ಇದೆ.