ಈಜಿಪ್ತಿನ ಗುಡಿ, ನಮ್ಮವ್ವನ ಕೆಂಡ

ಬಹಳ ದಿನ ಆಯ್ತು, ಇಲ್ಲಿ ಏನೂ ಬರೆದಿರಲಿಲ್ಲ. ಒಂದಿಬ್ಬರು "ಏನ್ರೀ, ಬ್ಲಾಗ್ ಮುಚ್ಚಿಬಿಟ್ರೇನು?" ಅಂತ ಮೇಲ್ ಮಾಡಿದ್ದಿರಿ. ಮುಚ್ಚಿಲ್ಲ ಮಾರಾಯ್ರೆ, ಬರೆಯುವಂಥದ್ದು ಸಿಕ್ಕಿರಲಿಲ್ಲ. ಈಗ ಸಿಕ್ಕಿದೆ, ಅದೂ ಒಂದು ಸೆಂಟಿನ ಬಾಟಲಿಯೊಳಗೆ!

ಹಬ್ಬಕ್ಕೆ ಕುಪ್ಪೇಲೂರಿಗೆ ಬಂದಿದ್ದ ಅಕ್ಕನ ಮಗ ಬೆರಳುದ್ದದ ಬಾಟಲಿ ತೆಗೆದು, "ಮಾಮಾ, ಇದು ಹಳೇ ಈಜಿಪ್ತಿನ ಗುಡಿಯೊಳಗಿನ ವಾಸನಿ ನೋಡ್ರಿ" ಅಂತ ನನ್ನ ಮುಂಗೈಗೆ ಒಂದು ಹನಿ ಹಚ್ಚಿದ. ರೇಟು ಕೇಳಿದೆ. ಹೇಳಿದ. "ಆ ರೊಕ್ಕದಾಗ ಮೂರು ಚೀಲ ಗೊಬ್ಬರ ಬರ್ತಿತ್ತಲ್ಲೋ" ಅಂದೆ.

ಆದರೆ ಐದು ನಿಮಿಷ ಕಳೆದ ಮೇಲೆ ಸುಮ್ಮನಾದೆ. ಕಣ್ಣ ಮುಂದೆ ಬಂದದ್ದು ಈಜಿಪ್ತಲ್ಲ, ನಮ್ಮವ್ವ. ಅಮಾವಾಸ್ಯೆ ಸಂಜೆ ಒಲೆಯೊಳಗಿನ ಕೆಂಡ ಧೂಪಾರತಿಗೆ ಹಾಕಿ, ಮೇಲೆ ಲೋಬಾನ ಉದುರಿಸಿ, ದೇವರ ಜಗಲಿಯಿಂದ ಹಿಡಿದು ದನದ ಕೊಟ್ಟಿಗೆಯ ತನಕ ಹೊಗೆ ಹಿಡಿಯುತ್ತಿದ್ದಳು.

ಈಜಿಪ್ತಿನವರ ಆ ಧೂಪದ ಹೆಸರು ಕೈಫಿ. ಎಡ್ಫು, ಫಿಲೆ ಗುಡಿಗಳ ಗೋಡೆಯ ಮೇಲೆ ಅದನ್ನು ಮಾಡುವ ರೀತಿಯನ್ನೇ ಕೆತ್ತಿಟ್ಟಿದ್ದಾರೆ. ಎಡ್ಫು ಗುಡಿ ಕಟ್ಟಲು ಶುರುವಾದದ್ದು ಕ್ರಿ.ಪೂ. 237ರಲ್ಲಿ. ಗ್ರೀಕ್ ಲೇಖಕ ಪ್ಲುಟಾರ್ಕ್ 16 ಸಾಮಾನು ಎಣಿಸುತ್ತಾನೆ. ಜೇನು, ದ್ರಾಕ್ಷಿ ಮದ್ಯ, ಒಣದ್ರಾಕ್ಷಿ, ಬಜೆಯಂಥ ಬೇರು, ಏಲಕ್ಕಿ ಅಂತ ಅನುವಾದ ಮಾಡುವ ಒಂದು ವಸ್ತು... ಜೇಕಿನ ಜಾತಿಯ ಗಡ್ಡೆಯೂ ಇದೆ ನೋಡ್ರಿ! ನಾವು ಹೊಲದಿಂದ ಕಿತ್ತು ಕಿತ್ತು ಸುಸ್ತಾಗುವ ಜೇಕು! ಬೆಳಗ್ಗೆ ರಾಳ, ಮಧ್ಯಾಹ್ನ ಮಿರ್ ಎಂಬ ಅಂಟು, ಸಂಜೆಗೆ ಕೈಫಿ, ಇದು ಅವರ ಪದ್ಧತಿಯಂತೆ. ಹಳೆಯ ಹೆಸರುಗಳಲ್ಲಿ ಯಾವುದು ಯಾವ ಗಿಡ ಅನ್ನುವುದಕ್ಕೆ ಪಂಡಿತರಲ್ಲೇ ಜಗಳ ಇದೆ. ಹಾಗಾಗಿ ಬಾಟಲಿಯಲ್ಲಿರುವುದು "ಅದೇ ವಾಸನೆ" ಅಂದರೆ ನಾನು ಒಪ್ಪುವುದಿಲ್ಲ. ಅದೊಂದು ಕಥೆ. ಕಥೆ ಮಾರುವುದು ತಪ್ಪೂ ಅಲ್ಲ.

ನನ್ನ ತಕರಾರು ನಮ್ಮ ಮೇಲೆ. 1025ರ ಸುಮಾರಿಗೆ, ಕಲ್ಯಾಣದ ಚಾಲುಕ್ಯ ಜಯಸಿಂಹನ ಕಾಲದಲ್ಲಿ, ಎರಡನೇ ಚಾವುಂಡರಾಯ ಅನ್ನುವವನು 'ಲೋಕೋಪಕಾರ' ಬರೆದ. ಅಚ್ಚ ಕನ್ನಡದ ಹೊತ್ತಿಗೆ. ನೆಲದೊಳಗಿನ ನೀರು ಹುಡುಕುವುದು, ಗಿಡಮರದ ಆರೈಕೆ, ಅಡುಗೆ, ಅದರ ಜೊತೆಗೇ ಸುಗಂಧದ್ರವ್ಯ ಮಾಡುವುದಕ್ಕೂ ಒಂದು ಅಧ್ಯಾಯ! ಮುಂದಿನ ಶತಮಾನದಲ್ಲಿ ಅದೇ ವಂಶದ ಮೂರನೇ ಸೋಮೇಶ್ವರ 'ಮಾನಸೋಲ್ಲಾಸ'ದಲ್ಲಿ ಲೇಪನ, ಧೂಪಗಳನ್ನು ರಾಜಭೋಗದೊಳಗೆ ಸೇರಿಸಿದ. ನಮ್ಮ ರಾಣೇಬೆನ್ನೂರು ತಾಲೂಕಿನ ಚೌಡಯ್ಯದಾನಪುರದ ಮುಕ್ತೇಶ್ವರ ಗುಡಿ ಆ ಪರಂಪರೆಯ ಶಿಲ್ಪವೇ. ಅಕ್ಕನ ಮಗನಿಗೆ ಎಡ್ಫು ಗೊತ್ತು, ಲೋಕೋಪಕಾರ ಗೊತ್ತಿಲ್ಲ. ಅವನನ್ನು ಬೈಯುವುದೇನು, ನನಗೂ ಗೊತ್ತಾದದ್ದು ನಲವತ್ತು ದಾಟಿದ ಮೇಲೆ. 2023ರ ಜನವರಿಯಲ್ಲಿ ಹಾವೇರಿಯಲ್ಲಿ ಸಾಹಿತ್ಯ ಸಮ್ಮೇಳನ ಆದಾಗ ಏಲಕ್ಕಿ ಹಾರದ ಸುದ್ದಿಯೇ ಸುದ್ದಿ. ಹಾರ ಹಾಕಿಸಿಕೊಂಡು ಫೋಟೋ ತೆಗೆಸಿಕೊಂಡೆವು, ಮನೆಗೆ ಹೋದೆವು. ಚಾವುಂಡರಾಯನ ಒಂದು ಪಾಕವನ್ನಾದರೂ ಮಾಡಿ ಮೂಸಿ ನೋಡೋಣ ಅಂತ ನಮ್ಮ ಪೈಕಿ ಯಾರಿಗೂ ಅನ್ನಿಸಲಿಲ್ಲವಲ್ಲ!

ಇಷ್ಟು ಬರೆದು "ಹಿಂದಿನದೆಲ್ಲ ಹೋಯ್ತು" ಅಂತ ಅಳಬೇಕು ಅಂದುಕೊಂಡಿದ್ದೆ. ಆದರೆ ಲೋಬಾನ ನಿಲ್ಲಿಸಿದವನು ನಾನೇ. ಒಲೆಯ ಹೊಗೆ ಕುಡಿದು ಕುಡಿದು ಅವ್ವನಿಗೆ ಕೆಮ್ಮು ಹತ್ತಿತ್ತು, ರಾತ್ರಿ ಎದ್ದು ಕೂತು ಉಸಿರಿಗೆ ಒದ್ದಾಡುತ್ತಿದ್ದಳು. ಡಾಕ್ಟರು ಒಲೆ ಬಿಡಿಸಿ ಅಂದರು. ಗ್ಯಾಸ್ ತಂದೆ. ಅವ್ವನ ಉಸಿರು ಒಂದಷ್ಟು ಹಗುರಾಯಿತು, ಮನೆಯಲ್ಲಿ ಕೆಂಡ ಇಲ್ಲದಂತಾಯಿತು. ಕೆಂಡ ಇಲ್ಲದ ಮೇಲೆ ಲೋಬಾನ ಎಲ್ಲಿಯದು? ಅಗರಬತ್ತಿ ಬಂತು. ಮತ್ತೆ ಹಾಗೆ ಆಯ್ಕೆ ಮಾಡಬೇಕಾಗಿ ಬಂದರೂ ಗ್ಯಾಸನ್ನೇ ತರುತ್ತೇನೆ.

ಅವ್ವ ಈಗಿಲ್ಲ. ಅಕ್ಕನ ಮಗ ಹೋಗುವಾಗ ಬಾಟಲಿ ಬಿಟ್ಟು ಹೋಗಲೇನು ಅಂದ, ಬೇಡಪ್ಪ ಅಂದೆ. ಮೊನ್ನೆ ಅಮಾವಾಸ್ಯೆಗೆ ಅಟ್ಟದ ಮೇಲಿದ್ದ ಧೂಪಾರತಿ ಹುಡುಕಿ, ಹುಣಸೆಹಣ್ಣು ಹಾಕಿ ತಿಕ್ಕಿದೆ. ಲೋಬಾನ ಸಂತೆಯಲ್ಲಿ ಸಿಕ್ಕಿತು. ಕೆಂಡಕ್ಕೆ ಓಣಿಯೆಲ್ಲ ತಿರುಗಿದೆ, ಯಾರ ಮನೆಯಲ್ಲೂ ಇಲ್ಲ. ಕೊನೆಗೆ ಬಟ್ಟೆ ಇಸ್ತ್ರಿ ಮಾಡುವವನ ಹತ್ತಿರ ಹೋಗಿ ನಿಂತೆ. ಧೂಪಾರತಿ ನೋಡಿದ, ನನ್ನ ಮುಖ ನೋಡಿದ.

"ನಾಕು ಸಾಕೇನ್ರಿ, ಇನ್ನೆರಡು ಹಾಕ್ಲ್ಯಾ?" ಅಂದ.