ವೀಸಾ ಬೇಡವೆಂದರೆ ಏನೂ ಬೇಡವೆಂದಲ್ಲ

ಮುರ್ಡೇಶ್ವರದ ಕಂದುಕಗಿರಿಯ ಮೇಲೆ ನಿಂತವರಿಗೆ ಮೂರು ದಿಕ್ಕಿಗೂ ಕಡಲು. ಕಳೆದ ವರ್ಷ ಒಂದು ಸಂಜೆ ಅಲ್ಲಿ ನಿಂತು ನಮ್ಮ ನೆರೆಮನೆಯ ಮಾಸ್ತರರು ಪಡುವಣಕ್ಕೆ ಕೈ ತೋರಿಸಿ, “ಮಗಳ ಊರು ಆ ಕಡೆಗೆ ಮಾರಾಯರೇ. ಅಲ್ಲಿಗೆ ವೀಸಾ ಗೀಸಾ ಏನೂ ಬೇಡವಂತೆ. ಟಿಕೆಟ್ ತೆಗೆದರೆ ಆಯಿತು” ಎಂದರು. ಮಗಳು ಅಳಿಯ ಇರುವುದು ಕೆರಿಬಿಯನ್ ಕಡಲಿನ ಟ್ರಿನಿಡಾಡಿನಲ್ಲಿ. ಮೊಮ್ಮಗುವಿನ ನಾಮಕರಣಕ್ಕೆ ದಂಪತಿಗಳು ಹೊರಟಿದ್ದರು.

ರೈಲಿನಲ್ಲಿ ಮುಂಬಯಿಗೆ ಹೋದರು. ನಾಲ್ಕನೆಯ ದಿನ ತೊಡದೇವಿನ ಡಬ್ಬಿಯ ಸಮೇತ ಮರಳಿ ಬಂದರು. ವಿಮಾನವನ್ನು ಅಮೆರಿಕದ ಒಂದು ನಗರದಲ್ಲಿ ಬದಲಿಸಬೇಕಾಗಿತ್ತು. ಅದಕ್ಕೆ ಬೇಕಾದ ವೀಸಾ ಇವರ ಬಳಿ ಇರಲಿಲ್ಲ. ಆದಕಾರಣ ಮುಂಬಯಿಯ ವಿಮಾನ ನಿಲ್ದಾಣದಲ್ಲಿಯೇ ತಡೆದರು. ನಾಮಕರಣವನ್ನು ಮಾಸ್ತರರ ಹೆಂಡತಿ ಕೈಯಂಗೈಯಷ್ಟು ದೂರವಾಣಿಯ ಪರದೆಯಲ್ಲಿ ನೋಡಿದರು. ಟಿಕೆಟ್ಟಿನ ಹಣದ ಬಹುಭಾಗವೂ ಹೋಯಿತು.

ಮಾಸ್ತರರು ಕೇಳಿದ್ದು ಸುಳ್ಳಲ್ಲ. ಪ್ರವಾಸಕ್ಕೆ ಹೋಗುವ ಭಾರತೀಯರು ಟ್ರಿನಿಡಾಡ್ ಮತ್ತು ಟೊಬೇಗೊ ದೇಶದಲ್ಲಿ 90 ದಿನಗಳವರೆಗೆ ವೀಸಾ ಇಲ್ಲದೆ ಇರಬಹುದು. ಆದರೆ ಆ ವಿನಾಯಿತಿ ತೆರೆಯುವುದು ಒಂದೇ ಬಾಗಿಲನ್ನು. ಮನೆಯಿಂದ ಹೊರಟು ಮನೆಗೆ ಮರಳುವವರೆಗೆ ದಾಟಬೇಕಾದ ಬಾಗಿಲುಗಳು ಮೂರು.

ಮೊದಲನೆಯದು ದಾರಿಯ ಬಾಗಿಲು. ನಮ್ಮ ದೇಶದಿಂದ ಆ ದ್ವೀಪಕ್ಕೆ ನೇರ ವಿಮಾನವಿಲ್ಲ. ಅಮೆರಿಕದಲ್ಲಿ ವಿಮಾನ ಬದಲಿಸುವವರು ನಿಲ್ದಾಣದಿಂದ ಹೊರಗೆ ಕಾಲಿಡದಿದ್ದರೂ ಅಲ್ಲಿಯ ವೀಸಾ ಪಡೆದಿರಲೇಬೇಕು. ಲಂಡನ್ ಮಾರ್ಗವಾಗಿ ಹೋಗುವ ಭಾರತೀಯರಿಗೂ ಸಾಮಾನ್ಯವಾಗಿ ಹಾದುಹೋಗುವ ವೀಸಾ ಬೇಕು; ಅಮೆರಿಕ, ಕೆನಡಾ ಮುಂತಾದ ಕೆಲವು ದೇಶಗಳ ಚಾಲ್ತಿಯಲ್ಲಿರುವ ವೀಸಾ ಉಳ್ಳವರಿಗೆ ಮಾತ್ರ ರಿಯಾಯಿತಿಯುಂಟು. ಆದ್ದರಿಂದ ಟಿಕೆಟ್ಟಿನ ಬೆಲೆ ನೋಡುವ ಮೊದಲು ವಿಮಾನ ಎಲ್ಲೆಲ್ಲಿ ಇಳಿಯುವುದೆಂಬುದನ್ನು ನೋಡಬೇಕು. ಅಗ್ಗದ ಟಿಕೆಟ್ಟೇ ಕೆಲವೊಮ್ಮೆ ತುಟ್ಟಿಯಾಗುತ್ತದೆ.

ಎರಡನೆಯದು ದ್ವೀಪದ ಬಾಗಿಲು. ಅಲ್ಲಿಯ ಅಧಿಕಾರಿ ಕೇಳುವ ಪ್ರಶ್ನೆಗಳು ಸರಳ: ಎಲ್ಲಿ ಇಳಿದುಕೊಳ್ಳುವಿರಿ, ಖರ್ಚಿಗೆ ಏನಿದೆ, ಯಾವಾಗ ಮರಳುವಿರಿ? ಮಗಳ ಮನೆಯ ವಿಳಾಸ, ಹಣದ ಆಧಾರ, ಹಿಂದಿರುಗುವ ಟಿಕೆಟ್ಟು ಕೈಯಲ್ಲಿರಬೇಕು. ಪಾಸ್‌ಪೋರ್ಟಿನ ಅವಧಿ ಇನ್ನೂ ಆರು ತಿಂಗಳಾದರೂ ಉಳಿದಿರುವುದು ಕ್ಷೇಮ. ಇಂಥ ಪ್ರಶ್ನೆಗಳನ್ನು ಅವಮಾನವೆಂದು ಬಗೆಯಬೇಕಾಗಿಲ್ಲ. ಮುರ್ಡೇಶ್ವರದ ವಸತಿಗೃಹದಲ್ಲಿ ವಿದೇಶೀಯರು ಇಳಿದುಕೊಂಡರೆ, ಅದರ ಮಾಲೀಕನೂ ಅವರ ಪಾಸ್‌ಪೋರ್ಟು, ವೀಸಾಗಳ ವಿವರವನ್ನು 24 ಗಂಟೆಗಳೊಳಗೆ ಸರ್ಕಾರಕ್ಕೆ ತಿಳಿಸಬೇಕಲ್ಲವೇ?

ಮೂರನೆಯದು ನಮ್ಮದೇ ಮನೆಯ ಬಾಗಿಲು. ಇದನ್ನು ಮರೆಯುವವರೇ ಹೆಚ್ಚು. ಟ್ರಿನಿಡಾಡ್ ಹಳದಿ ಜ್ವರದ ಭಯವಿರುವ ಪ್ರದೇಶ. ಅಲ್ಲಿಂದ ಹೊರಟು ಆರು ದಿನಗಳೊಳಗೆ ಭಾರತಕ್ಕೆ ಬಂದವರು ಆ ಜ್ವರದ ಚುಚ್ಚುಮದ್ದಿನ ಪ್ರಮಾಣಪತ್ರವನ್ನು ತೋರಿಸಬೇಕು. ಇಲ್ಲದಿದ್ದರೆ ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಭಾರತದ ಪ್ರಜೆಗಳಿಗೂ ಇದರಿಂದ ಬಿಡುಗಡೆಯಿಲ್ಲ. ಈ ಬಿಗಿಗೆ ಕಾರಣವುಂಟು. ಆ ಜ್ವರ ನಮ್ಮ ದೇಶದಲ್ಲಿಲ್ಲ. ಅದನ್ನು ಹರಡಬಲ್ಲ ಸೊಳ್ಳೆ ಮಾತ್ರ ಧಾರಾಳವಾಗಿದೆ. ಕಿಡಿಯೊಂದು ಬಂದರೆ ಸಾಕು.

ಈ ಚುಚ್ಚುಮದ್ದು ಸರ್ಕಾರ ಗೊತ್ತುಪಡಿಸಿದ ಕೇಂದ್ರಗಳಲ್ಲಿ ಮಾತ್ರ ದೊರೆಯುತ್ತದೆ. ಹಾಕಿಸಿಕೊಂಡ ಹತ್ತು ದಿನಗಳ ಮೇಲೆ ಪ್ರಮಾಣಪತ್ರ ಊರ್ಜಿತವಾಗುತ್ತದೆ. ಬಳಿಕ ಜೀವಮಾನಪರ್ಯಂತ ನಡೆಯುತ್ತದೆ. ಅರುವತ್ತು ದಾಟಿದವರು ವೈದ್ಯರ ಸಲಹೆಯಿಲ್ಲದೆ ಹಾಕಿಸಿಕೊಳ್ಳಕೂಡದು. ಮಾಸ್ತರರಿಗೆ ಅರುವತ್ತೆಂಟು. ಅವರ ದಾರಿ ಅಂದು ಮುಂಬಯಿಯಲ್ಲಿ ನಿಲ್ಲದಿದ್ದರೂ ಮರಳುವಾಗ ಇಲ್ಲಿ ನಿಲ್ಲುತ್ತಿತ್ತು!

ಇಷ್ಟೊಂದು ಪಾಡು ಏಕೆ ಎನ್ನಬಹುದು. ಆ ದ್ವೀಪ ನಮಗೆ ಅಷ್ಟೇನೂ ಪರಕೀಯವಲ್ಲ. ಅದರ ರಾಜಧಾನಿ ಪೋರ್ಟ್ ಆಫ್ ಸ್ಪೇನಿನಲ್ಲಿ 1976ರಲ್ಲಿ ನಮ್ಮ ವಿಶ್ವನಾಥರು ಹೊಡೆದ 112 ಓಟಗಳನ್ನು ಮರೆತ ಕನ್ನಡಿಗರು ಯಾರು? ಅದಕ್ಕೂ ಬಹಳ ಹಿಂದೆ, 1845ರ ಮೇ 30ರಂದು, ‘ಫತೇಲ್ ರಜಾಕ್’ ಎಂಬ ಹಡಗು ಭಾರತದ ಕರಾರು ಕೂಲಿಗಳನ್ನು ಮೊದಲ ಬಾರಿಗೆ ಅಲ್ಲಿ ಇಳಿಸಿತು. ಅವರ ಸಂತತಿಯವರು ಇಂದಿಗೂ ದೀಪಾವಳಿ ಆಚರಿಸುತ್ತಾರೆ.

ಮುರ್ಡೇಶ್ವರದವರ ಮನಸ್ಸನ್ನು ತಟ್ಟುವ ಕಥೆಯೊಂದು ಅಲ್ಲಿದೆ. ಕಬ್ಬಿನ ತೋಟದ ಕೂಲಿಯಾಗಿದ್ದ ಶಿವದಾಸ ಸಾಧು 1947ರಲ್ಲಿ ವಾಟರ್ಲೂ ಎಂಬಲ್ಲಿ ಗುಡಿಯೊಂದನ್ನು ಕಟ್ಟಿದ. ನೆಲ ಸಕ್ಕರೆ ಕಂಪೆನಿಯದು. 1952ರಲ್ಲಿ ಗುಡಿಯನ್ನು ಕೆಡವಿದರು, ಸಾಧುವನ್ನು ಸೆರೆಮನೆಗೆ ಕಳುಹಿಸಿದರು. ಹೊರಬಂದ ಆತ, ಸಮುದ್ರ ಯಾರ ಸ್ವತ್ತೂ ಅಲ್ಲವೆಂದು ಸೈಕಲ್ಲಿನಲ್ಲಿ ಕಲ್ಲು ಸಾಗಿಸಿ, ಕಡಲೊಳಗೇ ಗುಡಿ ಕಟ್ಟಿದ. 1995ರಲ್ಲಿ ಅದರ ಜೀರ್ಣೋದ್ಧಾರವಾಯಿತು. ನೆಲದ ಅನುಮತಿ ಸಿಗದವನಿಗೆ ಕಡಲು ಎಡೆ ಕೊಟ್ಟಿತು.

ನಮಗೆ ಅನುಮತಿ ಸಿಗುವ ಕಾಲವಿದು. ಕೇಳಿ ಪಡೆಯುವ ವ್ಯವಧಾನ ಬೇಕು, ಅಷ್ಟೆ. ನಿಯಮಗಳು ಬದಲಾಗುವುದುಂಟು. ಆದ್ದರಿಂದ ಪಕ್ಕದ ಮನೆಯವರ ಮಾತನ್ನಾಗಲಿ, ಈ ಅಂಕಣವನ್ನಾಗಲಿ ಕೊನೆಯ ಮಾತೆಂದು ನಂಬದೆ, ದೆಹಲಿಯಲ್ಲಿರುವ ಆ ದೇಶದ ಹೈಕಮಿಷನ್ನಿನಿಂದಲೂ, ದಾರಿಯಲ್ಲಿ ಸಿಗುವ ದೇಶಗಳ ರಾಯಭಾರ ಕಚೇರಿಗಳಿಂದಲೂ ತಿಳಿದುಕೊಂಡ ಮೇಲೆಯೇ ಟಿಕೆಟ್ಟಿಗೆ ಹಣ ಕಟ್ಟಿರಿ.

ಮಾಸ್ತರರು ಮತ್ತೆ ಹೊರಡುವ ಸನ್ನಾಹದಲ್ಲಿದ್ದಾರೆ. ಈ ಬಾರಿ ಮೊದಲು ವೈದ್ಯರನ್ನು ಕಂಡು, ಅನಂತರ ದಾರಿ ಗೊತ್ತುಮಾಡಿಕೊಂಡು, ಟಿಕೆಟ್ಟನ್ನು ಕೊನೆಗೆ ಇಟ್ಟುಕೊಂಡಿದ್ದಾರೆ. ಮೊಮ್ಮಗು ಈಗ ಹೆಜ್ಜೆಯಿಡುತ್ತಿದೆಯಂತೆ. ಅವರ ಮನೆಯಲ್ಲಿ ತೊಡದೇವಿಗೆ ಮತ್ತೆ ಮಡಕೆ ಕಾಯಿಸುತ್ತಿದ್ದಾರೆ.